ಐವತ್ಮೂರಕ್ಕೆ ಕಥೆ ಬರೆಯೋಕೆ ಕೂತವನ ಪಾಡು

ಪುಷ್ಯ ಮಳೆ ನಿನ್ನೆಯಿಂದ ಸ್ವಲ್ಪ ಹೊಳವಾಗಿದೆ. ಎರಡನೇ ಸಲದ ಬೋರ್ಡೋ ಹೊಡೆಸೋಣ ಅಂತ ಸುಣ್ಣ, ಮೈಲುತುತ್ತ ತಂದಿಟ್ಟಿದ್ದೆ. ಕೊನೆಗೌಡ ಬರ್ಲಿಲ್ಲ. ಹಾಗಾಗಿ ಇವತ್ತು ತೋಟದ ಸುದ್ದಿ ಅಲ್ಲ. ಬೇಜಾರಾದ್ರೆ ಮುಂದೆ ಹೋಗಿ.

ಹೋದ ವಾರ ಅಟ್ಟ ಗುಡಿಸುವಾಗ ಒಂದು ಹಳೇ ನೋಟ್‌ಬುಕ್ ಸಿಕ್ತು. ಇಪ್ಪತ್ತೊಂದನೇ ವಯಸ್ಸಲ್ಲಿ ನಾನು ಬರೆದ ಕಥೆ. ಕೊಳೆ ರೋಗದಲ್ಲಿ ಫಸಲು ಹೋದ ವರ್ಷ ಅಪ್ಪ ಮನೆ ಹಿಂದಿನ ದೊಡ್ಡ ಹಲಸಿನ ಮರ ಮಾರಿದ್ರು. ಅದೇ ಕಥೆ. ಅದರಲ್ಲಿ ಅಪ್ಪ ಪೂರ್ತಿ ಖಳನಾಯಕ.

ಮಗಳು ಓದಿದ್ಲು. "ಅಪ್ಪ, ನೀನು ಮತ್ತೆ ಬರಿ" ಅಂದ್ಲು. ವಯಸ್ಸಾಯ್ತಲ್ಲೇ ಮಾರಾಯ್ತಿ ಅಂದೆ. ತಕ್ಷಣ ಮೊಬೈಲ್ ನೋಡಿ, ಚಿಕವೀರ ರಾಜೇಂದ್ರ ಬಂದಾಗ ಮಾಸ್ತಿಯವರಿಗೆ ಅರವತ್ತೈದು ಅಂತ ಹೇಳಿದ್ಲು. ಹೌದು, ಅದು 1956. ಆದ್ರೆ ಅವರ ಮೊದಲ ಕಥಾಸಂಕಲನ ಬಂದಿದ್ದು 1920ರಲ್ಲಿ. ಮೂವತ್ತಾರು ವರ್ಷ ಕೈ ಪಳಗಿತ್ತು. ನನ್ನ ಕೈ ಪಳಗಿರೋದು ಮೆಟ್ಟುಗತ್ತಿಯಲ್ಲಿ. ಧೈರ್ಯ ಬರೋದಾದ್ರೆ ಸಾರಾ ಅಬೂಬಕ್ಕರ್ ಅವರನ್ನ ನೋಡಿ ಬರ್ಬೇಕು. ಮದುವೆ, ಮಕ್ಕಳು, ಸಂಸಾರ ಎಲ್ಲ ಆಗಿ, ನಲವತ್ತು ದಾಟಿದ ಮೇಲೆ ಚಂದ್ರಗಿರಿಯ ತೀರದಲ್ಲಿ ಬರೆದ್ರು.

ಹಾಗಂತ ಸಣ್ಣ ವಯಸ್ಸಿಗೆ ಬೆಲೆಯೇ ಇಲ್ಲ ಅನ್ನೋದೂ ಸುಳ್ಳು. ಶ್ರೀಕೃಷ್ಣ ಆಲನಹಳ್ಳಿ ಕಾಡು ಬರೆದಾಗ ಇಪ್ಪತ್ತೈದರ ಆಸುಪಾಸು. ಊರಿನ ಜಗಳ, ಕೊಲೆಗಳನ್ನ ಕಿಟ್ಟಿ ಅನ್ನೋ ಹುಡುಗ ಕಣ್ಣು ಬಿಟ್ಕೊಂಡು ನೋಡ್ತಾನಲ್ಲ, ಆ ನೋಟ ಈಗ ನನ್ನ ಹತ್ರ ಎಲ್ಲಿಂದ ಬರ್ಬೇಕು? ನನ್ನ ಆ ನೋಟ್‌ಬುಕ್ಕಲ್ಲೂ ಒಂದು ಸಿಟ್ಟಿದೆ, ಯಾರಿಗೆ ಏನನ್ನಿಸುತ್ತೋ ಅನ್ನೋ ಹೆದರಿಕೆ ಒಂಚೂರೂ ಇಲ್ಲ. ಈಗ ಒಂದು ಸಾಲು ಬರೆದ್ರೆ ನಾಲ್ಕು ಮನೆ ನೆನಪಾಗುತ್ತೆ. ಆ ಮರ ತಗೊಂಡವರ ಮೊಮ್ಮಗ ಈ ಪೇಜ್ ಓದ್ತಾನೆ. (ಓದ್ತಿದ್ರೆ ಬೇಜಾರ್ ಮಾಡ್ಕೋಬೇಡ ಮಾರಾಯ, ರೇಟು ಸರಿಯಾಗೇ ಕೊಟ್ಟಿದ್ರು.)

ಅಪ್ಪನ್ನ ಖಳನಾಯಕ ಮಾಡೋಕಂತೂ ಇನ್ನು ಆಗಲ್ಲ. ಅರ್ಧ ಫಸಲು ಕೊಳೆಗೆ ಹೋದ ಒಂದು ವರ್ಷ ಸೊಸೈಟಿ ಸಾಲ ಕಟ್ಟೋಕೆ ನಾನೂ ಹೆಂಡತಿ ಬಳೆ ಅಡ ಇಟ್ಟವನೇ.

ಆದ್ರೆ ನಿದ್ದೆ ಕೆಡಿಸಿದ್ದು ಬೇರೆ. ಆ ಹಳೇ ಕಥೆಯಲ್ಲಿ ಅಮ್ಮನೇ ಇಲ್ಲ. ಮರ ಬೀಳೋ ಹೊತ್ತಿಗೆ ಅವಳು ಎಲ್ಲಿದ್ಲು, ಏನ್ ಮಾಡ್ತಿದ್ಲು, ಒಂದು ಅಕ್ಷರ ಇಲ್ಲ. ಇಪ್ಪತ್ತೊಂದಕ್ಕೆ ನಾನು ಆ ಕಡೆ ನೋಡೇ ಇರ್ಲಿಲ್ಲ. ಅಮ್ಮನಿಗೀಗ ಎಪ್ಪತ್ತೆಂಟು, ಮರೆವು ಜಾಸ್ತಿಯಾಗ್ತಾ ಇದೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಸುಮಾರು ಹೊತ್ತು ಸುಮ್ನಿದ್ದು, "ಹಳದಿ ಚಕ್ಕೆ ಅಂಗಳ ತುಂಬ ಬಿದ್ದಿತ್ತು ಕಣೋ. ಆರಿಸಿ ತಂದೆ. ಆ ಮಳೆಗಾಲಕ್ಕೆ ಒಲೆಗೆ ಅದೇ ಆಯ್ತು" ಅಂದ್ಲು.

ಕೂಲಿ ಲೆಕ್ಕದ ಪುಸ್ತಕದ ಹಿಂದುಗಡೆ ನಾಲ್ಕು ಪುಟ ಆಗಿದೆ. ಅಮ್ಮ ಸೆರಗಲ್ಲಿ ಚಕ್ಕೆ ತುಂಬ್ಕೊಂಡು ಒಳಗೆ ಬರೋ ಜಾಗದಲ್ಲಿ ನಿಂತಿದೆ. ನಾಳೆ ಕೊನೆಗೌಡ ಬಂದ್ರೆ ಅದೂ ಇಲ್ಲ.