ಬಾರುಕೋಲು ಯಾವ ಎತ್ತಿಗೆ?

ಯಂತ್ರಗಳಿಗೂ ನನಗೂ ಎಣ್ಣೆ-ಸೀಗೆಕಾಯಿಯ ಸಂಬಂಧ. ಕನ್ನಡ ಎಂ.ಎ. ಮಾಡಿಕೊಂಡು, ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುತ್ತ ಕಾಲ ಕಳೆಯುತ್ತಿರುವ ನನಗೆ ಮನೆಯ ಮಿಕ್ಸರು ಮುನಿಸಿಕೊಂಡರೂ ಎದೆ ಡವಡವಗುಟ್ಟುತ್ತದೆ. ಇಂಥವನು ಕಂಪ್ಯೂಟರಿನ ಪ್ರೊಸೆಸರನ್ನು ಕುರಿತು ಬರೆಯಹೊರಟಿದ್ದಾನೆಂದು ನನ್ನ ಶ್ರೀಮತಿ ಆಗಲೇ ನಕ್ಕಿದ್ದಾಳೆ. ಓದುಗರೂ ನಕ್ಕರೆ ನನ್ನದೇನೂ ಆಕ್ಷೇಪಣೆಯಿಲ್ಲ.

ಇದಕ್ಕೆಲ್ಲ ಮೂಲ ನಮ್ಮಕ್ಕನ ಮಗ. ತೀರ್ಥಹಳ್ಳಿಯ ಬಳಿಯ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳನ್ನು ಪಡೆದ ಹುಡುಗ. ಪಿ.ಯು.ಸಿ. ವಿಜ್ಞಾನಕ್ಕೆಂದು ಅವನನ್ನು ಮೈಸೂರಿನ ನಮ್ಮ ಮನೆಗೆ ತಂದುಬಿಟ್ಟರು. "ಇವನನ್ನು ದಡ ಸೇರಿಸೋ ಭಾರ ನಿಂದು ಕಣೋ" ಎಂದು ಕಣ್ಣೊರೆಸಿಕೊಳ್ಳುತ್ತ ಅಕ್ಕ ಬಸ್ಸು ಹತ್ತಿದಳು. ಹುಡುಗನ ಜೊತೆಗೆ ಬಂದದ್ದು ಒಂದು ಟ್ರಂಕು, ಒಂದು ಜಾಡಿ ಮಿಡಿ ಉಪ್ಪಿನಕಾಯಿ, ಮತ್ತು ಭಾವನವರು ಅಡಕೆ ಮಾರಿದ ಹಣದಲ್ಲಿ ಕೊಡಿಸಿದ್ದ, ಯಾರೋ ಬಳಸಿ ಬಿಟ್ಟ ಒಂದು ಕಂಪ್ಯೂಟರು.

ಮೊದಲನೆಯ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದ ಅಂಕಗಳು ಕೈಕೊಟ್ಟವು. ಅಕ್ಕನಿಗೆ ಕೊಟ್ಟ ಮಾತು ನೆನಪಾಗಿ ನಾನು ಗಾಬರಿಗೊಂಡೆ. ಬೆಳಗಿನ ಐದು ಗಂಟೆಗೊಂದು ಟ್ಯೂಷನ್ನಿಗೆ, ಸಂಜೆಗೆ ಇನ್ನೊಂದಕ್ಕೆ ಅವನನ್ನು ಸೇರಿಸಿದೆ. ಅವನಿಗೆಂದು ಉಳಿದದ್ದು ಶನಿವಾರದ ರಾತ್ರಿ ಮಾತ್ರ. ಅದು ಕಂಪ್ಯೂಟರಿನ ಆಟಕ್ಕೆ ಮೀಸಲು.

ಅಂಥ ಒಂದು ಶನಿವಾರ ಅವನ ಕೋಣೆಗೆ ಇಣುಕಿ ನೋಡಿದೆ. ಪರದೆಯ ಮೇಲೆ ಆಟವಿರಲಿಲ್ಲ, ಬರಿಯ ಅಂಕಿಗಳಿದ್ದವು.

"ಏನೋ ಇದು?"

"ಪ್ರೊಸೆಸರನ್ನ ಓವರ್‌ಕ್ಲಾಕ್ ಮಾಡ್ತಿದ್ದೀನಿ ಮಾವ. ಇದರ ವೇಗ ಹೆಚ್ಚಿಸಿದ್ರೆ ಗೇಮ್ ಚೆನ್ನಾಗಿ ಓಡುತ್ತೆ."

ಅಂದು ನಾನು ಶಿಷ್ಯನಾದೆ. ಪ್ರೊಸೆಸರಿಗೂ ನಾಡಿಯಂಥದೊಂದು ಮಿಡಿತವುಂಟಂತೆ. ಅವನ ರೈಜನ್ 5 2600 ಎಂಬ ಪ್ರೊಸೆಸರಿನ ಮೂಲ ವೇಗ 3.4 ಗಿಗಾಹರ್ಟ್ಸ್, ಎಂದರೆ ಕ್ಷಣವೊಂದಕ್ಕೆ, ಅಂದರೆ ಸೆಕೆಂಡಿಗೆ, 340 ಕೋಟಿ ಮಿಡಿತ! ತಯಾರಕರು ಗೊತ್ತುಮಾಡಿದ ಈ ವೇಗವನ್ನು ನಾವೇ ಏರಿಸುವುದು ಓವರ್‌ಕ್ಲಾಕಿಂಗ್. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಹವ್ಯಾಸಿಗಳು 300 ಮೆಗಾಹರ್ಟ್ಸಿನಿಂದ 450ಕ್ಕೆ ಏರಿಸಿ, ದುಬಾರಿ ಪ್ರೊಸೆಸರುಗಳ ಸರಿಸಮಕ್ಕೆ ನಿಲ್ಲಿಸಿದ್ದರಂತೆ. ಒಂದೂವರೆ ಪಟ್ಟು ವೇಗ, ಅದೂ ಪುಕ್ಕಟೆಯಾಗಿ! ಆ ಕಾಲದ ಕಥೆಯೇ ಇಂದಿಗೂ ಹುಡುಗರ ತಲೆ ಕೆಡಿಸುತ್ತಿರುವುದು.

ಆದರೆ ಕಾಲ ಬದಲಾಗಿದೆ. ಈಗಿನ ಪ್ರೊಸೆಸರುಗಳು ಕೆಲಸದ ಹೊರೆಯನ್ನೂ ಮೈಯ ಬಿಸಿಯನ್ನೂ ನೋಡಿಕೊಂಡು ತಮ್ಮಷ್ಟಕ್ಕೆ ತಾವೇ ವೇಗವನ್ನು ಏರಿಸಿಕೊಳ್ಳುತ್ತವೆ. ಅವನದು ತಾನಾಗಿಯೇ 3.9ರವರೆಗೆ ಏರಬಲ್ಲುದು. ಕುದುರೆ ಆಗಲೇ ಓಡುತ್ತಿರುವಾಗ ಚಬಕಿಗೆ ಉಳಿದ ಕೆಲಸ ಎಷ್ಟು?

ಹುಡುಗ ಅದನ್ನು 4.0ಕ್ಕೆ ಏರಿಸಿ, ಸೈಬರ್‌ಪಂಕ್ 2077 ಎಂಬ ಆಟವನ್ನು ಹಚ್ಚಿದ. ಆಟದಲ್ಲಿ ಚಲನೆಯೆಂದರೆ ಒಂದರ ಹಿಂದೊಂದು ಓಡುವ ಚಿತ್ರಗಳು. ಮೊದಲು ಸೆಕೆಂಡಿಗೆ 38 ಚಿತ್ರಗಳು ಬರುತ್ತಿದ್ದವು. ಈಗಲೂ ಬಂದವು 38! ಏರಿದ್ದು ಬಿಸಿ ಮಾತ್ರ: 66 ಡಿಗ್ರಿಯಿದ್ದದ್ದು 81 ಆಯಿತು. ಹುಡುಗನ ಮುಖ ಬಾಡಿತು. ಛಲ ಬಿಡದೆ ವೋಲ್ಟೇಜನ್ನೂ ಹೆಚ್ಚಿಸಿ 4.2ಕ್ಕೆ ಏರಿಸಿದ. ವೋಲ್ಟೇಜು ಏರಿದಾಗ ವಿದ್ಯುತ್ತಿನ ವೆಚ್ಚ ಅದರ ವರ್ಗದಷ್ಟು ಏರುತ್ತದೆ, 1.2ರಿಂದ 1.4 ವೋಲ್ಟಿಗೆ ಹೋದರೆ, ಅಷ್ಟರಿಂದಲೇ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪರದೆ ನೀಲಿಯಾಗಿ, ಕಂಪ್ಯೂಟರು ಕಣ್ಣುಮುಚ್ಚಿತು. ತಪ್ಪು ಅದರದಲ್ಲ, ದುರಾಸೆಯದು.

ಎಲ್ಲವನ್ನೂ ಮೊದಲಿನಂತೆ ಮಾಡಿ, ಬೆಳಗಿನ ಜಾವದವರೆಗೆ ತಡಕಿ, ಹುಡುಗ ಕಾರಣವನ್ನು ಕಂಡುಹಿಡಿದ. ಪ್ರತಿಯೊಂದು ಚಿತ್ರಕ್ಕೂ ಇಬ್ಬರು ದುಡಿಯಬೇಕು. ಯಾವ ಕಾರು ಎತ್ತ ತಿರುಗಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಲೆಕ್ಕ ಹಾಕುವುದು ಪ್ರೊಸೆಸರು. ಅದನ್ನು ಬಣ್ಣಬಣ್ಣವಾಗಿ ಬರೆಯುವುದು ಗ್ರಾಫಿಕ್ಸ್ ಕಾರ್ಡು. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಅವನ ಹಳೆಯ ಜಿಟಿಎಕ್ಸ್ 1650 ಕಾರ್ಡು ನೂರಕ್ಕೆ ತೊಂಬತ್ತೊಂಬತ್ತು ಪಾಲು ಶಕ್ತಿ ಸುರಿದು ಏದುಸಿರು ಬಿಡುತ್ತಿತ್ತು. ಪ್ರೊಸೆಸರು ಅದರ ದಾರಿ ಕಾಯುತ್ತ ನಿಂತಿತ್ತು. ಕಾಯುತ್ತ ನಿಂತ ಎತ್ತಿಗೆ ಬಾರುಕೋಲು ಬೀಸಿದರೆ ಗಾಡಿ ಬೇಗ ಹೋದೀತೆ?

ಓವರ್‌ಕ್ಲಾಕಿಂಗಿನಿಂದ ಪ್ರಯೋಜನವೇ ಇಲ್ಲವೆಂದಲ್ಲ. ಕೌಂಟರ್-ಸ್ಟ್ರೈಕ್ 2 ಎಂಬ ಆಟದಲ್ಲಿ ಚಿತ್ರದ ಅಲಂಕಾರವನ್ನೆಲ್ಲ ತಗ್ಗಿಸಿ, ಪ್ರೊಸೆಸರನ್ನು 4.0ರಲ್ಲಿ ಓಡಿಸಿದಾಗ 150 ಇದ್ದದ್ದು 158 ಆಯಿತು. ಅಲ್ಲಿ ತಡವಾಗುತ್ತಿದ್ದದ್ದು ಲೆಕ್ಕದಲ್ಲಿ; ಆದ್ದರಿಂದ ಲೆಕ್ಕದ ವೇಗಕ್ಕೆ ಫಲ ಸಿಕ್ಕಿತು. ಆದರೆ ಅವನ ಮಾನಿಟರು ಸೆಕೆಂಡಿಗೆ 60 ಸಲಕ್ಕಿಂತ ಹೆಚ್ಚು ಬದಲಾಗದು. ಕೈಯ ಆಜ್ಞೆಗೆ ಕೂದಲೆಳೆಯಷ್ಟು ಬೇಗ ಓಗೊಟ್ಟೀತು, ಅಷ್ಟೇ.

"ತಡ ಆಗ್ತಿರೋದು ಎಲ್ಲಿ ಅಂತ ಮೊದಲೇ ನೋಡ್ಬೇಕಿತ್ತು ಮಾವ" ಎಂದು ಹೇಳಿ ಹುಡುಗ ಮಲಗಿದ. ಭೇಷ್ ಎಂದುಕೊಂಡು ನಾನೂ ಮಲಗಿದೆ.

ಮುಂದಿನ ವಾರ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂದಿತು. ಭೌತಶಾಸ್ತ್ರದಲ್ಲಿ 70ಕ್ಕೆ 19. ಎರಡು ಟ್ಯೂಷನ್ನುಗಳ ಮೇಲೂ ಅಂಕ ಕದಲಿರಲಿಲ್ಲ. ಬದಲಾದದ್ದು ಹುಡುಗನ ಕಣ್ಣಿನ ಸುತ್ತಲಿನ ಕಪ್ಪು. ಮೂರನೆಯ ಟ್ಯೂಷನ್ನಿಗೆ ಎಲ್ಲಿ ವ್ಯವಸ್ಥೆ ಮಾಡಲೆಂದು ಯೋಚಿಸುತ್ತಿದ್ದವನಿಗೆ ಅವನದೇ ಮಾತು ಥಟ್ಟನೆ ನೆನಪಾಯಿತು: ತಡವಾಗುತ್ತಿರುವುದು ಎಲ್ಲಿ?

ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಪುಸ್ತಕವನ್ನು ಮುಚ್ಚಿಟ್ಟು ಕೇಳಿದೆ: "ಜಡತ್ವ ಅಂದರೇನೋ?"

ಹುಡುಗ ನಿರ್ಗಳವಾಗಿ ಹೇಳಿದ. ಬಸ್ಸು ಗಕ್ಕನೆ ನಿಂತಾಗ ನಾವು ಮುಂದಕ್ಕೆ ಬಾಗುವ ಉದಾಹರಣೆಯನ್ನೂ ಕೊಟ್ಟ. ವೇಗೋತ್ಕರ್ಷವನ್ನು ಕೇಳಿದೆ, ಅದನ್ನೂ ಹೇಳಿದ. ಪುಸ್ತಕವನ್ನು ತೆರೆದು 'ಇನರ್ಷಿಯಾ' ಎಂಬ ಪದದ ಮೇಲೆ ಬೆರಳಿಟ್ಟೆ. ಅವನು ಸುಮ್ಮನಾದ. ಬಹಳ ಹೊತ್ತಿನ ಮೇಲೆ ಮೆಲ್ಲನೆ ಕೇಳಿದ:

"ಅದೇನಾ ಇದು, ಮಾವ?"

ನನಗೆ ಮಾತು ಹೊರಡಲಿಲ್ಲ. ಐದು ತಿಂಗಳಿಂದ ಈ ಹುಡುಗ ಅರ್ಥವಾಗದ್ದನ್ನು ಯಾರಿಗೂ ಹೇಳಿಕೊಳ್ಳಲಾರದೆ, ನಾಚಿಕೆಯಿಂದ ಎರಡೆರಡು ಕಡೆ ಕುಳಿತು ಎದ್ದು ಬರುತ್ತಿದ್ದ. ಅವನ ಬುದ್ಧಿ ಕಾಯುತ್ತ ನಿಂತಿತ್ತು. ಹೊಸ ಭಾಷೆಯ ಎತ್ತು ಏದುಸಿರು ಬಿಡುತ್ತಿತ್ತು. ಅದನ್ನು ಮೊದಲು ಕಾಣಬೇಕಾಗಿದ್ದವನು ಕನ್ನಡದ ಮೇಷ್ಟರಾದ ನಾನು. ಬಾರುಕೋಲು ಹಿಡಿದು ನಿಂತಿದ್ದವನೂ ನಾನೇ.

ಬೆಳಗಿನ ಟ್ಯೂಷನ್ ಬಿಡಿಸಿದೆ. ಹುಡುಗ ಈಗ ಆರೂವರೆಯವರೆಗೆ ನಿದ್ದೆ ಮಾಡುತ್ತಾನೆ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ನಾವಿಬ್ಬರೂ ಒಂದು ನೋಟ್‌ಬುಕ್ಕನ್ನು ಹರಡಿಕೊಂಡು ಕೂರುತ್ತೇವೆ. ಎಡಗಡೆ ಇಂಗ್ಲಿಷು, ಬಲಗಡೆ ಕನ್ನಡ. ಕಳೆದ ಪರೀಕ್ಷೆಯಲ್ಲಿ 41 ಬಂದಿತು. ಪ್ರೊಸೆಸರು ತನ್ನ ಹಳೆಯ ವೇಗದಲ್ಲಿಯೇ ತಣ್ಣಗಿದೆ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. "ಅಡಕೆ ದುಡ್ಡು ಬಂದಿದೆ ಕಣೋ. ಅವನಿಗೆ ಇನ್ನೊಂದು ಟ್ಯೂಷನ್ ಹಾಕಿಸ್ತೀಯಾ?"

"ಬೇಡ ಅಕ್ಕಾ" ಎಂದೆ. "ಕೊಡಿಸೋದಾದರೆ ಒಂದು ಒಳ್ಳೆಯ ನಿಘಂಟು ಕೊಡಿಸು."

ಪಕ್ಕದಲ್ಲಿದ್ದ ಹುಡುಗ ಮೆಲುದನಿಯಲ್ಲಿ ಸೇರಿಸಿದ: "ದುಡ್ಡು ಉಳಿದರೆ ಗ್ರಾಫಿಕ್ಸ್ ಕಾರ್ಡು."