ಮಣ್ಣನ್ನು ಹೆಪ್ಪುಗಟ್ಟಿಸುವವರು

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ‘ದ್ರಾವಣಗಳು’ ಪಾಠದಲ್ಲಿ ಒಂದು ಲೆಕ್ಕ ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಸೀನಿಯರ್‌ಗಳು ಹೇಳುತ್ತಾರೆ. ನೀರಿಗೆ ಇಷ್ಟು ಉಪ್ಪು ಕರಗಿಸಿದರೆ ಅದು ಸೊನ್ನೆ ಡಿಗ್ರಿಗಿಂತ ಎಷ್ಟು ಕೆಳಗೆ ಹೋದಾಗ ಹೆಪ್ಪುಗಟ್ಟುತ್ತದೆ? ಸೂತ್ರ ಬಾಯಿಪಾಠ ಮಾಡಿ, ಅಂಕ ತೆಗೆದುಕೊಂಡು, ಮರೆತುಬಿಡುವ ಲೆಕ್ಕ ಅದು. ಆದರೆ ರಂಜಾನ್ ರಾತ್ರಿಗಳಲ್ಲಿ ಚಾಮರಾಜಪೇಟೆಯ ನಮ್ಮ ಬೀದಿಗೆ ಗಾಡಿ ತಳ್ಳಿಕೊಂಡು ಬರುವ ಕುಲ್ಫಿಯವರು ಯಾವ ಸೂತ್ರವೂ ಇಲ್ಲದೆ ಇದನ್ನು ದಿನವೂ ಮಾಡುತ್ತಾರೆ. ಮಡಕೆಯಲ್ಲಿ ಐಸ್ ಚೂರು ತುಂಬಿ, ಕಲ್ಲುಪ್ಪು ಬೆರೆಸಿ, ಅದರ ನಡುವೆ ಹಾಲಿನ ಡಬ್ಬಿಗಳನ್ನು ಹೂತಿಡುತ್ತಾರೆ. ಉಪ್ಪುನೀರು ಸೊನ್ನೆಗಿಂತ ಕೆಳಗಿಳಿದರೂ ತಾನು ಗಟ್ಟಿಯಾಗುವುದಿಲ್ಲ, ಡಬ್ಬಿಯೊಳಗಿನ ಹಾಲನ್ನು ಗಟ್ಟಿ ಮಾಡುತ್ತದೆ.

ಇದೇ ಉಪಾಯದಿಂದ ಜಗತ್ತಿನಲ್ಲಿ ಗಣಿಗಳಿಗೆ ಬಾವಿ ತೋಡುತ್ತಾರೆ ಎಂದು ನನಗೆ ಗೊತ್ತಾಗಿದ್ದು ಹೋದ ವರ್ಷ. ನಾನು ಹುಡುಕುತ್ತಿದ್ದದ್ದು ಕುಲ್ಫಿಯ ವಿಷಯವನ್ನಲ್ಲ. ಗುಂಡಿಯ ಮಣ್ಣು ಮನುಷ್ಯರ ಮೇಲೆ ಬೀಳದಂತೆ ತಡೆಯುವುದು ಹೇಗೆ ಎಂದು ಹುಡುಕುತ್ತಿದ್ದೆ. ಅದಕ್ಕೆ ಕಾರಣ ನನ್ನ ದೊಡ್ಡ ಮಾಮು.

ಮಾಮು ಪಾಯ ತೋಡುವ ಕೆಲಸದವರು. ನಮ್ಮ ಕಡೆ ಹಳೇ ಹೆಂಚಿನ ಮನೆಗಳು ಒಂದೊಂದಾಗಿ ಹೋಗಿ ನಾಲ್ಕೈದು ಅಂತಸ್ತಿನ ಮನೆಗಳು ಏಳುತ್ತಿರುವುದು ನಿಮಗೂ ಗೊತ್ತು. ಸಣ್ಣ ಓಣಿಗಳಿಗೆ ಜೆಸಿಬಿ ಬರುವುದಿಲ್ಲ. ಬಂದರೂ ಮೂಲೆಗಳನ್ನು ಕೈಯಿಂದಲೇ ತೋಡಬೇಕು. ಆಗ ಮಾಮು ಮತ್ತು ಅವರ ಜೊತೆಯವರು ಗುದ್ದಲಿ, ಬಾಂಡ್ಲಿ ಹಿಡಿದು ಇಳಿಯುತ್ತಾರೆ. ಮಳೆಗಾಲದ ಒಂದು ಬೆಳಿಗ್ಗೆ, ಹತ್ತು ಅಡಿ ಆಳದ ಗುಂಡಿಯಲ್ಲಿ, ಪಕ್ಕದ ಮನೆಯ ಕಡೆಯ ಮಣ್ಣಿನ ಗೋಡೆ ಕುಸಿಯಿತು. ಮಾಮು ಸೊಂಟದವರೆಗೆ ಹೂತುಹೋದರು. ಜೊತೆಯವರು ಗುದ್ದಲಿ ಬಿಟ್ಟು ಕೈಯಿಂದಲೇ ಮಣ್ಣು ತೆಗೆದರು, ಗುದ್ದಲಿ ಕಾಲಿಗೆ ತಗುಲೀತೆಂದು. ತೊಡೆಯ ಮೂಳೆ ಮುರಿದಿತ್ತು. ಒಂದು ಘನ ಮೀಟರ್ ಒದ್ದೆ ಮಣ್ಣು ಹತ್ತಿರ ಹತ್ತಿರ ಎರಡು ಟನ್ ತೂಗುತ್ತದೆ, ಅಂದರೆ ಒಂದು ಕಾರಿಗಿಂತ ಹೆಚ್ಚು. ಎದೆಯವರೆಗೆ ಬಂದಿದ್ದರೆ ಉಸಿರಾಡಲು ಜಾಗವೇ ಇರುತ್ತಿರಲಿಲ್ಲ ಎಂದು ಡಾಕ್ಟರು ಅಮ್ಮಿಗೆ ಹೇಳಿದರು. ಕಂಟ್ರಾಕ್ಟರ್ ಒಮ್ಮೆ ಬಂದು ಆಸ್ಪತ್ರೆ ಖರ್ಚಿನ ಒಂದು ಭಾಗ ಕೊಟ್ಟು ಹೋದರು, ಮತ್ತೆ ಬರಲಿಲ್ಲ.

ಮಾಮು ನಮ್ಮ ಮನೆಯಲ್ಲಿ ಐದು ತಿಂಗಳು ಮಲಗಿದ್ದರು. ಸಂಜೆ ಕಾಲೇಜಿನಿಂದ ಬಂದು ನಾನು ಓದಿದ್ದನ್ನು ಅವರಿಗೆ ಹೇಳುತ್ತಿದ್ದೆ. ನಮ್ಮ ಮನೆಮಾತು ಉರ್ದು. ಅವರು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಗಣಿಯ ಶಾಫ್ಟ್ ಎಂದರೆ ನೇರ ಕೆಳಗಿಳಿಯುವ ದೊಡ್ಡ ಬಾವಿ. ಕಲ್ಲಿನಲ್ಲಿ ತೋಡುವುದು ನಿಧಾನದ ಕೆಲಸವಾದರೂ ಕಲ್ಲು ನಿಲ್ಲುತ್ತದೆ. ನೀರು ತುಂಬಿದ ಮರಳು ನಿಲ್ಲುವುದಿಲ್ಲ. ಒಂದು ಬುಟ್ಟಿ ತೆಗೆದರೆ ಎರಡು ಬುಟ್ಟಿ ಹರಿದು ಬರುತ್ತದೆ. ಯೂರೋಪಿನ ಕಲ್ಲಿದ್ದಲು ಗಣಿಗಳಲ್ಲಿ ಹೀಗೆ ಅರ್ಧಕ್ಕೇ ಕೈಬಿಟ್ಟ ಬಾವಿಗಳು ಬಹಳ. 1862ರಲ್ಲಿ ವೇಲ್ಸ್‌ನಲ್ಲಿ ನೆಲವನ್ನು ಹೆಪ್ಪುಗಟ್ಟಿಸಿ ತೋಡುವ ಪ್ರಯತ್ನ ನಡೆಯಿತು. 1883ರಲ್ಲಿ ಪೊಯೆಟ್ಶ್ ಎಂಬ ಜರ್ಮನ್ ಗಣಿ ಎಂಜಿನಿಯರ್ ಈ ವಿಧಾನಕ್ಕೆ ಪೇಟೆಂಟ್ ಪಡೆದರು. ಮೂಲ ಉಪಾಯ ಇಂದಿಗೂ ಹೆಚ್ಚು ಬದಲಾಗಿಲ್ಲ.

ಬಾವಿ ತೋಡಬೇಕಾದ ಜಾಗದ ಸುತ್ತ ವೃತ್ತಾಕಾರದಲ್ಲಿ, ಸುಮಾರು ಒಂದೊಂದು ಮೀಟರ್ ಅಂತರದಲ್ಲಿ, ಬೋರ್‌ವೆಲ್‌ನಂತೆ ರಂಧ್ರ ಕೊರೆಯುತ್ತಾರೆ. ಪ್ರತಿಯೊಂದರಲ್ಲೂ ತಳ ಮುಚ್ಚಿದ ಉಕ್ಕಿನ ಪೈಪು, ಅದರೊಳಗೆ ಇನ್ನೊಂದು ಸಣ್ಣ ಪೈಪು. ಮೇಲೆ ದೊಡ್ಡ ಶೀತಲ ಯಂತ್ರ. ಅದರಿಂದ ಮೈನಸ್ 25–30 ಡಿಗ್ರಿಯ ಉಪ್ಪುನೀರು ಒಳಗಿನ ಪೈಪಿನಲ್ಲಿ ಇಳಿದು, ಹೊರಗಿನ ಪೈಪಿನಲ್ಲಿ ಮೇಲೆ ಬರುತ್ತದೆ. ಬರುವಾಗ ಮಣ್ಣಿನ ಶಾಖವನ್ನು ಹೊತ್ತು ತರುತ್ತದೆ. ಇಲ್ಲಿ ಅಡುಗೆ ಉಪ್ಪು ಸಾಲದು. ಅದರ ದ್ರಾವಣ ಹೆಚ್ಚೆಂದರೆ ಮೈನಸ್ 21ರವರೆಗೆ ದ್ರವವಾಗಿರುತ್ತದೆ. ಅದಕ್ಕೇ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ಒಂದು ಘಟಕ ಕರಗಿದರೆ ಮೂರು ಅಯಾನುಗಳು (ನಮ್ಮ ಲೆಕ್ಕದ ‘ಐ ಬೆಲೆ 3’ ಇದೇ), ಅದರ ದ್ರಾವಣ ಸುಮಾರು ಮೈನಸ್ 50ರವರೆಗೆ ಹೆಪ್ಪುಗಟ್ಟದೆ ಉಳಿಯಬಲ್ಲದು. ತುರ್ತು ಇದ್ದರೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಹಾಯಿಸುತ್ತಾರೆ, ಆದರೆ ಖರ್ಚು ಬಹಳ.

ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆಯುತ್ತವೆ. ಪ್ರತಿ ಪೈಪಿನ ಸುತ್ತಲೂ ಮಣ್ಣಿನೊಳಗಿನ ನೀರು ಐಸಾಗಿ, ಕಂಬದಂತೆ ದಪ್ಪವಾಗುತ್ತಾ ಹೋಗಿ, ಪಕ್ಕದ ಕಂಬಕ್ಕೆ ಅಂಟಿಕೊಳ್ಳುತ್ತದೆ. ಕೊನೆಗೆ ನೆಲದೊಳಗೆ ಒಂದು ದುಂಡು ಗೋಡೆ ನಿಲ್ಲುತ್ತದೆ. ನೀರು ಬಿಡದ ಗೋಡೆ, ಬಡ ಕಾಂಕ್ರೀಟಿನಷ್ಟು ಗಟ್ಟಿ. ಆಮೇಲೆ ಅದರೊಳಗೆ ಇಳಿದು ತೋಡುತ್ತಾರೆ.

ಇಷ್ಟು ಕೇಳಿದ ಮಾಮು ಮೊದಲು ಕೇಳಿದ್ದು, “ಗೋಡೆ ಪೂರ್ತಿ ಕೂಡಿತೆಂದು ಮೇಲೆ ನಿಂತವನಿಗೆ ಹೇಗೆ ಗೊತ್ತಾಗುತ್ತದೆ ಬೇಟಾ? ಒಂದು ಕಡೆ ಸಂದು ಉಳಿದಿದ್ದರೆ?”

ನಾನು ಓದಿದ್ದ ಮೊದಲ ಲೇಖನದಲ್ಲಿ ಅದಿರಲಿಲ್ಲ. ಮತ್ತೆ ಹುಡುಕಿದೆ. ಉತ್ತರ ಸಿಕ್ಕಾಗ ನನಗೇ ಖುಷಿಯಾಯಿತು. ಪೈಪುಗಳಲ್ಲಿ ಉಷ್ಣಮಾಪಕಗಳಿರುತ್ತವೆ, ಅದಲ್ಲದೆ ವೃತ್ತದ ನಡುವೆ ಒಂದು ರಂಧ್ರ ಕೊರೆದಿರುತ್ತಾರೆ. ನೀರು ಐಸಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಗೋಡೆಯಲ್ಲಿ ಸಂದು ಇರುವವರೆಗೆ ಒಳಗಿನ ನೀರು ಹೊರಕ್ಕೆ ಜಾರಿಹೋಗುತ್ತದೆ. ಸಂದು ಮುಚ್ಚಿದ ಮೇಲೆ ಅದಕ್ಕೆ ಹೋಗಲು ಜಾಗವಿಲ್ಲ, ನಡುವಿನ ರಂಧ್ರದಲ್ಲಿ ನೀರಿನ ಮಟ್ಟ ಮೇಲೇರುತ್ತದೆ. ಅದು ಏರುವವರೆಗೆ ಯಾರನ್ನೂ ಕೆಳಗಿಳಿಸುವುದಿಲ್ಲ. ನೆಲದೊಳಗಿನ ನೀರು ದಿನಕ್ಕೆ ಒಂದೆರಡು ಮೀಟರಿಗಿಂತ ವೇಗವಾಗಿ ಹರಿಯುತ್ತಿದ್ದರೆ ಅದು ಹೊಸ ಶಾಖ ತರುತ್ತಲೇ ಇರುವುದರಿಂದ ಗೋಡೆ ಕೂಡುವುದೇ ಕಷ್ಟ.

ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದರೆ ಅಲ್ಲಿ ಮೊದಲು ಗೋಡೆ, ಆಮೇಲೆ ಮನುಷ್ಯ. ನಮ್ಮಲ್ಲಿ ಮೊದಲು ಮನುಷ್ಯ ಇಳಿಯುತ್ತಾನೆ, ಗೋಡೆ ಕಟ್ಟುವವನೂ ಅವನೇ” ಎಂದರು.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಪೊಟ್ಯಾಷ್ ಗಣಿಗಳ ಬಾವಿಗಳನ್ನು ಹೀಗೆಯೇ ಇಳಿಸಿದರು. ಅಲ್ಲಿ ಪೊಟ್ಯಾಷ್ ಸಿಗುವ ಪದರಕ್ಕಿಂತ ಮೇಲೆ ‘ಬ್ಲೇರ್‌ಮೋರ್’ ಎಂಬ ನೀರು ತುಂಬಿದ ಮರಳಿನ ಪದರವಿದೆ. ಅದನ್ನು ಹೆಪ್ಪುಗಟ್ಟಿಸಿ ದಾಟಿದ ಎಸ್ಟರ್‌ಹೇಜಿ ಗಣಿ 1962ರಲ್ಲಿ ಉತ್ಪಾದನೆ ಆರಂಭಿಸಿತು. ಇದು ನಮಗೆ ದೂರದ ಸಂಗತಿಯಲ್ಲ. ಭಾರತಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರ ಹೆಚ್ಚುಕಡಿಮೆ ಪೂರ್ತಿ ಆಮದು, ಅದರಲ್ಲಿ ಕೆನಡಾದ ಪಾಲೂ ಇದೆ. ಜಪಾನಿನ ಫುಕುಶಿಮಾದಲ್ಲಿ ಅಣುಸ್ಥಾವರದ ಅವಘಡದ ನಂತರ ಅಂತರ್ಜಲ ಒಳಗೆ ಸೇರದಂತೆ ಸುಮಾರು 1.5 ಕಿ.ಮೀ. ಉದ್ದ, 30 ಮೀಟರ್ ಆಳದ ಐಸ್ ಗೋಡೆಯನ್ನು 2016ರಿಂದ ಹೆಪ್ಪುಗಟ್ಟಿಸತೊಡಗಿದರು.

ನಮ್ಮ ಕೋಲಾರದ ಚಿನ್ನದ ಗಣಿಗೆ ಇದು ಬೇಕಾಗಲಿಲ್ಲ. ಅಲ್ಲಿನದು ಗಟ್ಟಿಯಾದ ಕಪ್ಪು ಶಿಲೆ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳಕ್ಕೆ ಹೋಯಿತು. ಅಲ್ಲಿ ಭಯವಿದ್ದದ್ದು ಒತ್ತಡಕ್ಕೆ ಕಲ್ಲೇ ಸಿಡಿಯುವುದರದು. ಇನ್ನೊಂದು ಕಷ್ಟ ತಳದ ಬಿಸಿ. ತಂಪು ಬೇಕಾಗಿದ್ದು ನೆಲಕ್ಕಲ್ಲ, ಕೆಲಸ ಮಾಡುವವರಿಗೆ. ಆ ಗಣಿಗಳು 2001ರಲ್ಲಿ ಮುಚ್ಚಿದವು.

ಬೆಂಗಳೂರಿನ ಅಡಿಯಲ್ಲೂ ಕಲ್ಲೇ ಇದೆ. ಲಾಲ್‌ಬಾಗಿನ ಗುಡ್ಡದ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದೇ ಶಿಲೆ ಬಸವನಗುಡಿ, ಚಾಮರಾಜಪೇಟೆಗಳ ಕೆಳಗೂ ಹಾದುಹೋಗಿದೆ. ಆದರೆ ಅದರ ಮೇಲಿನ ಭಾಗ ಕಾಲಾಂತರದಲ್ಲಿ ಸವೆದು ಪುಡಿಯಾಗಿ ಕೆಂಪು ಮಣ್ಣಾಗಿದೆ. ಎಲ್ಲಿ ಎಷ್ಟು ಆಳಕ್ಕೆ ಮಣ್ಣು, ಎಲ್ಲಿ ಕಲ್ಲು ಎಂದು ಮೇಲಿನಿಂದ ನೋಡಿ ಹೇಳಲಾಗದು. ಅದರ ಮೇಲೆ ನಮ್ಮ ಹಳೇ ಕೆರೆಗಳ ಕಥೆ ಬೇರೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕೆ.ಆರ್. ಮಾರ್ಕೆಟ್ ಇರುವುದು ಸಿದ್ದಿಕಟ್ಟೆಯ ಜಾಗದಲ್ಲಿ. ಕೆರೆ ಹೋದರೂ ನೀರಿಗೆ ಹಳೇ ದಾರಿ ಮರೆತಿರುವುದಿಲ್ಲ ಎಂದು ಮಾಮು ಹೇಳುತ್ತಾರೆ. ಅವರು ತೋಡಿದ ಗುಂಡಿಗಳಲ್ಲಿ ಅದನ್ನು ನೋಡಿದ್ದಾರೆ.

2017ರ ಜೂನ್‌ನಲ್ಲಿ ಶುರುವಾದ ಹಸಿರು ಮಾರ್ಗದ ಮೆಟ್ರೊದ ಸುರಂಗ ಭಾಗ ಇದೇ ನೆಲದೊಳಗೆ ಮೆಜೆಸ್ಟಿಕ್, ಚಿಕ್ಕಪೇಟೆ, ಮಾರ್ಕೆಟ್ ದಾಟಿ ನ್ಯಾಷನಲ್ ಕಾಲೇಜಿನ ಹತ್ತಿರ ಮೇಲೆ ಬರುತ್ತದೆ. ಅಲ್ಲಿ ನೆಲ ಹಿಡಿದು ನಿಲ್ಲಿಸುವ ಕೆಲಸವನ್ನು ಸುರಂಗ ಕೊರೆಯುವ ಯಂತ್ರವೇ ಮಾಡಿತು. ಮುಂದೆ ಕೊರೆಯುತ್ತಾ ಹೋಗುತ್ತದೆ, ಅದರ ಉಕ್ಕಿನ ಕವಚದ ಒಳಗೇ ಹಿಂದೆ ಕಾಂಕ್ರೀಟಿನ ಉಂಗುರ ಜೋಡಿಸುತ್ತಾರೆ. ಬರಿಯ ಮಣ್ಣಿನ ಕೆಳಗೆ ಯಾರೂ ನಿಲ್ಲಬೇಕಾಗಿಲ್ಲ. ಚಿಕ್ಕಪೇಟೆಯಂಥ ಕಡೆ ನೆಲ ಹೆಪ್ಪುಗಟ್ಟಿಸಲು ಹೊರಟರೆ ಇನ್ನೊಂದು ತೊಂದರೆಯೂ ಇದೆ. ಐಸಾಗುವಾಗ ನೆಲ ಉಬ್ಬುತ್ತದೆ, ಕರಗುವಾಗ ಕುಗ್ಗುತ್ತದೆ. ಮೇಲಿರುವ ಹಳೇ ಗಾರೆಯ ಮನೆಗಳು ಅದನ್ನು ತಡೆಯುವುದು ಕಷ್ಟ.

ಖರ್ಚಿನ ಲೆಕ್ಕವನ್ನೂ ಮಾಡಿ ನೋಡಿದೆ. ಒಂದು ಘನ ಮೀಟರ್ ಮಣ್ಣಿನಲ್ಲಿ 300 ಲೀಟರ್ ನೀರಿದೆ ಎಂದುಕೊಳ್ಳಿ. ಐಸ್ ಆಗಲು ಒಂದು ಕೆ.ಜಿ. ನೀರು 334 ಕಿಲೋಜೂಲ್ ಗುಪ್ತೋಷ್ಣ ಬಿಟ್ಟುಕೊಡಬೇಕು. 300 ಕೆ.ಜಿ.ಗೆ ಸುಮಾರು 100 ಮೆಗಾಜೂಲ್, ಅಂದರೆ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 28 ಯೂನಿಟ್‌ನಷ್ಟು ಶಾಖ. 6 ಮೀಟರ್ ಅಗಲ, 20 ಮೀಟರ್ ಆಳದ ಬಾವಿಗೆ 2 ಮೀಟರ್ ದಪ್ಪದ ಗೋಡೆ ಬೇಕೆಂದರೆ ಸುಮಾರು 1000 ಘನ ಮೀಟರ್ ಮಣ್ಣು, 28,000 ಯೂನಿಟ್ ಶಾಖ. ಮಣ್ಣನ್ನು ಸೊನ್ನೆಗೆ ಇಳಿಸುವ ಶಾಖವನ್ನು ಇದರಲ್ಲಿ ಸೇರಿಸಿಲ್ಲ. ನಮ್ಮ ಊರಿನ ನೆಲ ಕೆನಡಾದ ನೆಲದಷ್ಟು ತಣ್ಣಗೂ ಇಲ್ಲ. ಮನೆಯ ಪಾಯಕ್ಕೆ ಇದನ್ನು ಯಾರೂ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ.

ಯಾಕೆಂದರೆ ಮಾಮುವಿನ ಗುಂಡಿಗೆ ಬೇಕಾಗಿದ್ದದ್ದು ಹಲಗೆ. ಅಗೆತದ ಕೆಲಸಕ್ಕೆ ಭಾರತೀಯ ಮಾನಕ ಸಂಸ್ಥೆಯ ಸುರಕ್ಷತಾ ಸಂಹಿತೆಯೇ ಇದೆ, ಐಎಸ್ 3764. ಮಣ್ಣಿನಲ್ಲಿ 1.5 ಮೀಟರಿಗಿಂತ ಆಳದ ಕಂದಕಕ್ಕೆ ಹಲಗೆ, ಆನಿಕೆ ಕೊಟ್ಟು ಭದ್ರಪಡಿಸಬೇಕು ಎನ್ನುತ್ತದೆ ಅದು. 1.5 ಮೀಟರ್ ಎಂದರೆ ಐದು ಅಡಿ. ಮಾಮು ಇದ್ದದ್ದು ಹತ್ತು ಅಡಿಯಲ್ಲಿ. ಹಲಗೆ ಸೈಟಿನಲ್ಲೇ ಇತ್ತಂತೆ, ಮೇಲೆ, ಸಿಮೆಂಟ್ ಮೂಟೆಗಳ ಕೆಳಗೆ.

ಮಾಮು ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಬೇರೆ ಏನಾದರೂ ಮಾಡಿ ಎಂದು ಅಮ್ಮಿ ಅತ್ತು ಹೇಳಿದರು. ಮೊಟ್ಟೆ ಅಂಗಡಿ ಇಡುವ ಮಾತೂ ಆಯಿತು, ಅಡ್ವಾನ್ಸ್ ಹೊಂದಲಿಲ್ಲ. ಹೋಗುವ ಮೊದಲು ಅವರು ನನಗೊಂದು ಕೆಲಸ ಕೊಟ್ಟರು. ಹತ್ತು ಅಡಿ ಗುಂಡಿಯ ಪಕ್ಕದ ಮಣ್ಣು ಹಲಗೆಯನ್ನು ಎಷ್ಟು ಜೋರಾಗಿ ತಳ್ಳುತ್ತದೆ, ಲೆಕ್ಕ ಹಾಕಿ ಹೇಳು ಎಂದರು. ನಮ್ಮ ಭೌತಶಾಸ್ತ್ರದ ಮೇಡಂ ತಮಗೆ ಪರಿಚಯದ ಸಿವಿಲ್ ಎಂಜಿನಿಯರಿಂಗ್ ಉಪನ್ಯಾಸಕರೊಬ್ಬರನ್ನು ಕೇಳಿ, ನನಗೆ ವಿಧಾನ ತಿಳಿಸಿಕೊಟ್ಟರು. ಸಾಮಾನ್ಯ ಮರಳು ಮಣ್ಣು ಒಣಗಿದ್ದರೆ, ಗುಂಡಿಯ ಉದ್ದದ ಪ್ರತಿ ಮೀಟರಿಗೆ ಸುಮಾರು 2.7 ಟನ್. ಅದೇ ಮಣ್ಣಿನ ಹಿಂದೆ ಮೇಲಿನವರೆಗೆ ನೀರು ತುಂಬಿಕೊಂಡಿದ್ದರೆ ಆರು ಟನ್‌ಗೆ ಹತ್ತಿರ. ಮಣ್ಣು ತನ್ನ ತೂಕದ ಒಂದು ಪಾಲಿನಷ್ಟು ಮಾತ್ರ ಪಕ್ಕಕ್ಕೆ ತಳ್ಳುತ್ತದೆ, ನೀರು ಪೂರ್ತಿ ತಳ್ಳುತ್ತದೆ.

ಎರಡು ಅಂಕಿಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಮಾಮು ಅದನ್ನು ಮೊಬೈಲ್ ಕವರಿನ ಹಿಂದೆ ಇಟ್ಟುಕೊಂಡಿದ್ದಾರೆ, ಮೇಸ್ತ್ರಿಗಳಿಗೆ ತೋರಿಸುತ್ತಾರೆ. ಕೆಲವರು ನಗುತ್ತಾರೆ, ಇಬ್ಬರು ಹಲಗೆ ತರಿಸಿದ್ದಾರೆ. ಗವೀಪುರದ ಕಡೆ, ಕೆಂಪಾಂಬುಧಿ ಕೆರೆಗೆ ಹತ್ತಿರದ ಒಂದು ಸೈಟಿನಲ್ಲಿ, ಪಂಪ್ ಇಟ್ಟು ನೀರು ತೆಗೆಯುವವರೆಗೆ ಇಳಿಯುವುದಿಲ್ಲ ಎಂದು ಕೂತರು. ಅರ್ಧ ದಿನದ ಕೂಲಿ ಹೋಯಿತು. ಜೋರು ಮಳೆ ಬಂದ ಮರುದಿನ ಅವರು ಮಧ್ಯಾಹ್ನಕ್ಕೇ ಮನೆಗೆ ಬಂದರೆ, ಮುಮಾನಿ ಈಗ ಏಕೆಂದು ಕೇಳುವುದಿಲ್ಲ, ಚಹಾಕ್ಕೆ ನೀರಿಡುತ್ತಾರೆ.