ಎಳ್ಳಿನ ಪೆಟ್ಟಿಗೆ

ಕಾಣಿಕೆಯ ಬೆಲೆಯನ್ನು ಅಂಗಡಿಯ ಚೀಟಿ ಹೇಳಲಾರದು. ಕುಚೇಲನ ಹಿಡಿ ಅವಲಕ್ಕಿಗೆ ದ್ವಾರಕೆಯ ಪೇಟೆಯಲ್ಲಿ ಎಷ್ಟು ಕಾಸು ಹುಟ್ಟುತ್ತಿತ್ತು? ಆದರೂ ಅದನ್ನು ಕಟ್ಟಿ ತಂದ ಹರಕು ಬಟ್ಟೆಯ ಗಂಟನ್ನು ಬಿಚ್ಚುವಾಗ ಕೃಷ್ಣನ ಕೈ ಆತುರಪಟ್ಟಿತೆಂದು ಕಥೆ ಹೇಳುತ್ತದೆ. ಅಲ್ಲಿ ಅವಲಕ್ಕಿ ಎಷ್ಟು ಮುಖ್ಯವೋ ಗಂಟೂ ಅಷ್ಟೇ ಮುಖ್ಯ. ಕೊಡುವ ವಸ್ತುವನ್ನು ಹೇಗೆ ಕಟ್ಟಿಕೊಟ್ಟರು, ಯಾವ ಮಾತನ್ನು ಜೊತೆಗಿರಿಸಿ ಕೊಟ್ಟರು ಎಂಬುದರಲ್ಲಿ ಕೊಡುವವರ ಮನಸ್ಸು ಕಾಣುತ್ತದೆ. ಕಾಗದವನ್ನು ಮಡಿಸಿ ಶುಭಾಶಯದ ಕಾರ್ಡು ಮಾಡುವುದು, ರಟ್ಟನ್ನು ಕತ್ತರಿಸಿ ಉಡುಗೊರೆಯ ಪೆಟ್ಟಿಗೆ ಮಾಡುವುದು ನೋಡುವವರಿಗೆ ಮಕ್ಕಳಾಟದಂತೆ ತೋರಬಹುದು. ಆದರೆ ಆ ಆಟದ ಬೇರು ಇಲ್ಲಿದೆ.

ಅಚ್ಚಾದ ಶುಭಾಶಯ ಪತ್ರದ ಹುಟ್ಟಿನಲ್ಲಿ ಒಂದು ಸ್ವಾರಸ್ಯವುಂಟು. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾಯಿತು. ಅಂಚೆ ಅಗ್ಗವಾದಂತೆ ಹಬ್ಬಕ್ಕೆ ಪತ್ರ ಬರೆಯುವವರು ಹೆಚ್ಚಿದರು. ಬಂದ ಪತ್ರಗಳಿಗೆಲ್ಲ ಉತ್ತರ ಬರೆಯುವ ಹೊಣೆಯೂ ಹೆಚ್ಚಿತು. ಆ ಅಂಚೆಯ ಸುಧಾರಣೆಗಾಗಿ ದುಡಿದವರಲ್ಲಿ ಒಬ್ಬನಾದ ಹೆನ್ರಿ ಕೋಲ್ ಎಂಬವನಿಗೇ ಉತ್ತರ ಬರೆಯಲು ಬಿಡುವು ಸಾಲದಾಯಿತು. 1843ರ ಕ್ರಿಸ್‌ಮಸ್ ಹಬ್ಬಕ್ಕೆ ಅವನು ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಯಿಸಿ, ಕಲ್ಲಚ್ಚಿನಲ್ಲಿ ಸುಮಾರು ಸಾವಿರ ಪ್ರತಿಗಳನ್ನು ತೆಗೆಸಿದ. ತನಗೆ ಬೇಕಾದವನ್ನು ಇಟ್ಟುಕೊಂಡು ಉಳಿದವನ್ನು ಒಂದು ಷಿಲ್ಲಿಂಗಿಗೆ ಒಂದರಂತೆ ಮಾರಾಟಕ್ಕಿಡಿಸಿದ. ಕ್ರಿಸ್‌ಮಸ್ಸಿಗೆಂದು ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲ ಕಾರ್ಡು ಅದೇ. ಬಿಡುವಿಲ್ಲದವನು ಕಂಡುಕೊಂಡ ಜಾಣ ಉಪಾಯ ಅದು. ಅಚ್ಚಿನ ಕಾರ್ಡು ಬಿಡುವನ್ನು ಉಳಿಸಿಕೊಟ್ಟಿತು. ಕೈಯಾರೆ ಮಾಡಿದ ಕಾರ್ಡಾದರೋ ಆ ಬಿಡುವನ್ನೇ ಕಾಣಿಕೆಯಾಗಿ ಕೊಡುತ್ತದೆ.

ಕನ್ನಡ ನಾಡಿನಲ್ಲಿ ಈ ಕಾರ್ಡು ಸಂಕ್ರಾಂತಿಯ ಹಬ್ಬಕ್ಕೆ ಬಂದು ಸೇರಿತು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜಗಳನ್ನು ಬೆರೆಸಿ, ಸಕ್ಕರೆ ಅಚ್ಚು ಮತ್ತು ಕಬ್ಬಿನ ತುಂಡಿನೊಡನೆ ಮನೆಮನೆಗೆ ಬೀರುವುದು ಹಳೆಯ ವಾಡಿಕೆ. 'ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡು' ಎಂಬುದು ಆ ಹಬ್ಬದ ಮಾತು. ದೂರದ ಊರಿನವರಿಗೆ ಎಳ್ಳು ಬೀರುವುದು ಹೇಗೆ? ಅಂಚೆಯ ಕಾರ್ಡು ಆ ಕೊರತೆಯನ್ನು ತುಂಬಿತು. 1970 ಮತ್ತು 1980ರ ದಶಕಗಳಲ್ಲಿ ಹಬ್ಬಕ್ಕೆ ಮುಂಚೆ ಊರಿನ ಅಂಗಡಿಗಳ ಮುಂದೆ ದಾರ ಕಟ್ಟಿ ಬಣ್ಣದ ಕಾರ್ಡುಗಳನ್ನು ತೂಗುಹಾಕುತ್ತಿದ್ದರು. ಹೂವು, ದೇವರು, ಸಿನಿಮಾ ನಟರು, ಕಬ್ಬಿನ ಜಲ್ಲೆ, ಎಲ್ಲವೂ ಅಲ್ಲಿ ಗಾಳಿಗೆ ಓಲಾಡುತ್ತಿದ್ದವು. ಶಾಲೆಯ ಮಕ್ಕಳು ಕೂಡಿಟ್ಟ ಚಿಲ್ಲರೆಯನ್ನು ಎಣಿಸಿಕೊಂಡು ಅವುಗಳ ಮುಂದೆ ನಿಲ್ಲುತ್ತಿದ್ದರು.

1981ರ ಸಂಕ್ರಾಂತಿ ಸಮೀಪಿಸಿದಾಗ ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಅಂಥ ಅಂಗಡಿಯ ಮುಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಹಳ ಹೊತ್ತು ನಿಂತಿದ್ದಳು. ಕೈಯಲ್ಲಿ ಕಾಸಿರಲಿಲ್ಲವೆಂದಲ್ಲ, ಅವಳ ಮನಸ್ಸಿನ ಮಾತನ್ನು ಹೇಳುವ ಕಾರ್ಡು ಆ ದಾರದಲ್ಲಿರಲಿಲ್ಲ. ಹಿಂದಿನ ಆಷಾಢದಲ್ಲಿ ಅವಳ ಕಂಪಾಸು ಪೆಟ್ಟಿಗೆ ಕಾಣೆಯಾಗಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಆಪ್ತ ಗೆಳತಿಯೇ ತೆಗೆದಳೆಂದು ಅವಳು ತರಗತಿಯೆಲ್ಲ ಕೇಳುವಂತೆ ಹೇಳಿಬಿಟ್ಟಿದ್ದಳು. ಗೆಳತಿ ಅಳಲಿಲ್ಲ, ವಾದಿಸಲಿಲ್ಲ, ಮಾತು ನಿಲ್ಲಿಸಿದಳು. ದೀಪಾವಳಿಯ ಮುನ್ನ ಮನೆಯನ್ನು ಸಾರಿಸುವಾಗ ಕಂಪಾಸು ಪೆಟ್ಟಿಗೆ ಅಕ್ಕಿಯ ವಾಡೆಯ ಹಿಂದೆ ಸಿಕ್ಕಿತು. ಆ ವೇಳೆಗೆ ಗೆಳತಿಯ ತಂದೆಗೆ ದಾವಣಗೆರೆಗೆ ವರ್ಗವಾಗಿ ಆ ಮನೆಗೆ ಬೀಗ ಬಿದ್ದಿತ್ತು. ಆಡಿದ ಮಾತು, ಒಡೆದ ಮುತ್ತು ಎಂಬ ಗಾದೆಯನ್ನು ಹುಡುಗಿ ಹಲವು ಸಲ ಬರೆದು ವಿಸ್ತರಿಸಿದ್ದಳು. ಅದರ ಅರ್ಥ ಅಂದು ತಿಳಿಯಿತು.

ಅಂಗಡಿಯಿಂದ ಬರಿಗೈಯಲ್ಲಿ ಮರಳಿದ ಹುಡುಗಿ ಕಾರ್ಡನ್ನೂ ಎಳ್ಳು ತುಂಬುವ ಪೆಟ್ಟಿಗೆಯನ್ನೂ ತಾನೇ ಮಾಡುವುದೆಂದು ನಿಶ್ಚಯಿಸಿದಳು. ಅವಳ ಅಜ್ಜ ತಮ್ಮ ಟ್ರಂಕಿನ ತಳದಿಂದ ಒಂದು ಹಾಳೆಯನ್ನು ತೆಗೆದುಕೊಟ್ಟರು. ಖಾದಿ ಭಂಡಾರದಿಂದ ಎಂದೋ ತಂದಿರಿಸಿದ್ದ ಕೈಕಾಗದ ಅದು. ಅದರ ಮೈ ತುಸು ಒರಟು, ಬಣ್ಣ ಕೆನೆಹಾಲಿನದು, ಅಂಚು ಕತ್ತರಿಸಿದಂತೆ ನೇರವಾಗಿರದೆ ಹಪ್ಪಳದ ಅಂಚಿನಂತೆ ಏರಿಳಿದಿತ್ತು.

ಕೈಕಾಗದಕ್ಕೆ ಮರವನ್ನು ಕಡಿಯಬೇಕಾಗಿಲ್ಲ. ಹತ್ತಿಯ ಬಟ್ಟೆಯ ಚಿಂದಿ ಸಾಕು. ಚಿಂದಿಯನ್ನು ಸಣ್ಣಗೆ ಕತ್ತರಿಸಿ, ನೀರಿನಲ್ಲಿ ಜಜ್ಜಿ ಜಜ್ಜಿ ಗಂಜಿಯಂತೆ ಮಾಡುತ್ತಾರೆ. ಆ ತಿಳಿಯಾದ ಗಂಜಿಯ ತೊಟ್ಟಿಯೊಳಗೆ ಜಾಲರಿ ಹೊದಿಸಿದ ಚೌಕಟ್ಟನ್ನು ಅದ್ದಿ ಮೇಲೆತ್ತಿದರೆ ನೀರು ಸೋರಿಹೋಗಿ ನಾರಿನ ತೆಳುಪದರ ಜಾಲರಿಯ ಮೇಲೆ ಉಳಿಯುತ್ತದೆ. ಅದನ್ನು ಬಟ್ಟೆಯ ಮೇಲೆ ಮಗುಚಿ, ಒತ್ತಿ ನೀರು ಹಿಂಡಿ, ಒಣಗಿಸಿ, ಗಂಜಿ ಕೊಟ್ಟು, ಉಜ್ಜಿ ನಯಗೊಳಿಸಿದರೆ ಹಾಳೆ ಸಿದ್ಧ. ಚೀನಾ ದೇಶದಲ್ಲಿ ಕ್ರಿ.ಶ. 105ರ ಸುಮಾರಿನಲ್ಲಿ ತ್ಸಾಯ್ ಲುನ್ ಎಂಬ ಅಧಿಕಾರಿ ಮರದ ತೊಗಟೆ, ಚಿಂದಿ, ಹಳೆಯ ಮೀನುಬಲೆಗಳಿಂದ ಕಾಗದ ಮಾಡುವ ಬಗೆಯನ್ನು ಅರಸನಿಗೆ ಒಪ್ಪಿಸಿದನೆಂದು ಅಲ್ಲಿಯ ಚರಿತ್ರೆ ಹೇಳುತ್ತದೆ. ಅಂದಿನಿಂದ ಈ ಕೆಲಸದ ತಿರುಳು ಬದಲಾಗಿಲ್ಲ. ಯಂತ್ರದ ಕಾಗದ ಬಂದು ನಮ್ಮ ದೇಶದ ಕೈಕಾಗದ ಸೊರಗಿದಾಗ, 1934ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಅದನ್ನು ಮತ್ತೆ ಕೈಗೆತ್ತಿಕೊಂಡಿತು. ಬಂದ ಲಕೋಟೆಯನ್ನು ಬಿಡಿಸಿ ಅದರ ಖಾಲಿ ಮಗ್ಗುಲಿನಲ್ಲಿ ಬರೆಯುತ್ತಿದ್ದ ಮಹಾತ್ಮರಿಗೆ ಕಾಗದದ ಒಂದೊಂದು ಅಂಗುಲವೂ ಯಾರದೋ ದುಡಿಮೆಯೆಂಬ ಅರಿವಿತ್ತು.

ಹುಡುಗಿ ಆ ಹಾಳೆಯಿಂದ 20 ಸೆಂಟಿಮೀಟರು ಉದ್ದ, 14 ಸೆಂಟಿಮೀಟರು ಅಗಲದ ತುಂಡನ್ನು ತೆಗೆದು ನಡುವೆ ಮಡಿಸಿದಳು. ಮಡಿಕೆಯೆಂಬುದು ಕನ್ನಡಿಗರಿಗೆ ಹೊಸದಲ್ಲ. ಹಿಂದೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಬೀಸಣಿಗೆಯಂತೆ ಹಿಂದುಮುಂದಾಗಿ ಮಡಿಸಿ, ಬಳಪದಿಂದ ಲೆಕ್ಕಪತ್ರ ಬರೆಯುವ ಕಡತಗಳು ಇಲ್ಲಿದ್ದವು; ಕಚೇರಿಯ ಕಾಗದಗಳಿಗೆ ಇಂದಿಗೂ ಅದೇ ಹೆಸರು. ಮಡಿಸುವ ಮೊದಲು ಗೆರೆ ಕೊರೆಯಬೇಕು. ಮಸಿ ಮುಗಿದ ಬಾಲ್ ಪೆನ್ನಿನ ತುದಿಯನ್ನು ಅಳತೆಪಟ್ಟಿಗೆ ಆನಿಸಿ ಎಳೆದರೆ ಸಾಕು. ನಾರು ಕಡಿಯದೆ ತಗ್ಗುತ್ತದೆ, ಮಡಿಕೆ ಕೂದಲೆಳೆಯಷ್ಟು ನೇರವಾಗಿ ಬರುತ್ತದೆ.

ಕಾರ್ಡಿನ ಮುಖದ ಮೇಲೆ ಏನಿರಬೇಕೆಂದು ಅವಳು ಯೋಚಿಸಬೇಕಾಗಲಿಲ್ಲ. ಹಿಂದಿನ ಮುಂಗಾರಿನಲ್ಲಿ, ಜಗಳಕ್ಕೆ ಮೊದಲು, ಗೆಳತಿಯರಿಬ್ಬರೂ ಕೆರೆಯ ಏರಿಯ ಅರಳಿಕಟ್ಟೆಯಿಂದ ಎಲೆಗಳನ್ನು ತಂದು ಹಳೆಯ ಮಡಕೆಯ ನೀರಿನಲ್ಲಿ ನೆನೆಹಾಕಿದ್ದರು. ವಾರಗಳು ಕಳೆದಂತೆ ಎಲೆಯ ಹಸಿರು ಮಾಂಸ ಕೊಳೆತು ಸಡಿಲಾಯಿತು. ಮೆತ್ತನೆಯ ಕುಂಚದಿಂದ ಅದನ್ನು ಮೆಲ್ಲನೆ ತೊಳೆದಾಗ ಜೇಡನ ಬಲೆಯನ್ನು ನಾಚಿಸುವ ನರಗಳ ಜಾಲವೊಂದು ಉಳಿಯಿತು. ಹತ್ತು ಎಲೆಗಳಲ್ಲಿ ಹರಿಯದೆ ಉಳಿದವು ಎರಡೇ. ಆಳಿಗೊಂದರಂತೆ ಹಂಚಿಕೊಂಡು ಪುಸ್ತಕದ ನಡುವೆ ಇಟ್ಟುಕೊಂಡಿದ್ದರು. ಹುಡುಗಿ ತನ್ನ ಪಾಲಿನ ಎಲೆಯನ್ನು ತೆಗೆದು, ನರಗಳಿಗೆ ಮಾತ್ರ ತೆಳುವಾಗಿ ಅಂಟು ಸವರಿ, ಕಾರ್ಡಿನ ಮೇಲೆ ಕೂರಿಸಿದಳು.

ಕಾರ್ಡಿಗಿಂತ ಪೆಟ್ಟಿಗೆ ಕಠಿಣ. ಕಾರ್ಡಿನಲ್ಲಿ ಅಂದಗೆಟ್ಟದ್ದನ್ನು ಹೂವಿನಿಂದ ಮುಚ್ಚಬಹುದು. ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಮುಚ್ಚಳ ಅದನ್ನು ಬಯಲಿಗೆಳೆಯುತ್ತದೆ. ಹುಡುಗಿ ಸೀರೆಯ ಹಳೆಯ ಡಬ್ಬವೊಂದನ್ನು ಬಿಚ್ಚಿ ರಟ್ಟನ್ನು ಪಡೆದಳು. 20 ಸೆಂಟಿಮೀಟರಿನ ಚೌಕಕ್ಕೆ ನಾಲ್ಕೂ ಕಡೆ 5 ಸೆಂಟಿಮೀಟರು ಒಳಕ್ಕೆ ಗೆರೆ ಎಳೆದರೆ, 10 ಸೆಂಟಿಮೀಟರಿನ ತಳ, 5 ಸೆಂಟಿಮೀಟರಿನ ಗೋಡೆ. ಮೂಲೆಗಳನ್ನು ಸೀಳಿ, ಗೋಡೆಗಳನ್ನು ಎತ್ತಿ, ಕಿವಿಗಳನ್ನು ಅಂಟಿಸಬೇಕು. ಮೊದಲನೆಯ ಪೆಟ್ಟಿಗೆಯ ಮಡಿಕೆ ಬಿರುಕುಬಿಟ್ಟಿತು. ಯಂತ್ರದಲ್ಲಿ ತಯಾರಾದ ರಟ್ಟಿನ ನಾರು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತದೆ. ಅದರ ಜೊತೆಗೆ ಮಡಿಸಿದರೆ ಬಾಗುತ್ತದೆ, ಅಡ್ಡಲಾಗಿ ಮಡಿಸಿದರೆ ಮುನಿಯುತ್ತದೆ. ಪೆಟ್ಟಿಗೆಗಾದರೋ ಎರಡು ದಿಕ್ಕಿನ ಮಡಿಕೆಯೂ ಬೇಕು. ಆದ್ದರಿಂದ ಅಡ್ಡ ಮಡಿಕೆಗಳಿಗೆ ಗೆರೆಯನ್ನು ಇನ್ನಷ್ಟು ಆಳವಾಗಿ, ತಾಳ್ಮೆಯಿಂದ ಒತ್ತಬೇಕು. ಎರಡನೆಯ ಪೆಟ್ಟಿಗೆ ನೇರವಾಗಿ ನಿಂತಿತು, ಆದರೆ ಮುಚ್ಚಳ ಏರಲಿಲ್ಲ. ತಳಕ್ಕೂ ಮುಚ್ಚಳಕ್ಕೂ ಒಂದೇ ಅಳತೆಯನ್ನು ಕೊಟ್ಟಿದ್ದಳು. ಮುಚ್ಚಳವು ನಾಲ್ಕು ಮಿಲಿಮೀಟರಿನಷ್ಟಾದರೂ ಹಿರಿದಾಗಿರಬೇಕು. ರಟ್ಟಿನ ದಪ್ಪಕ್ಕೂ ತುಸು ಉಸಿರಿಗೂ ಎಡೆಯಿರಬೇಕು. ಇಬ್ಬರು ಒಂದೇ ಅಳತೆಯಲ್ಲಿ ಬಿಗಿದುಕೊಂಡರೆ ಸೇರುವುದಿಲ್ಲ. ಒಬ್ಬರು ಸ್ವಲ್ಪ ಎಡೆ ಬಿಡಬೇಕು. ಈ ಮಾತನ್ನು ಅವಳಿಗೆ ಯಾರೂ ಹೇಳಲಿಲ್ಲ. ಕೈಯಲ್ಲಿದ್ದ ಮುಚ್ಚಳವೇ ಹೇಳಿತು.

ಅಂಟಿಗೆ ಮೈದಾಹಿಟ್ಟನ್ನು ನೀರಿನಲ್ಲಿ ಕುದಿಸಿದರು. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳು ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತವನ್ನು ಬೆರೆಸುವುದುಂಟು. ಹುಡುಗಿಯೂ ಅದನ್ನು ಕೇಳಿದಾಗ ಅಜ್ಜ ತಡೆದರು. "ತಿನ್ನುವ ಪದಾರ್ಥ ತುಂಬುವ ಪೆಟ್ಟಿಗೆಗೆ ವಿಷ ಬೇಡ. ಹುಳು ಹಿಡಿಯುವವರೆಗೆ ಬಾಳಿದರೆ ಸಾಕು" ಎಂದರು. ಅಂಟಿಸಿದ ರಟ್ಟು ಸೊಟ್ಟಗಾಗದಂತೆ ಪುಸ್ತಕಗಳ ಭಾರವಿಟ್ಟು ನೆರಳಿನಲ್ಲಿ ಒಣಗಿಸಿದ್ದಾಯಿತು. ಬೆಂಡೆಕಾಯಿಯನ್ನು ಅಡ್ಡ ಕೊಯ್ದರೆ ಐದು ದಳಗಳ ಹೂವು. ಅದನ್ನು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ಪೆಟ್ಟಿಗೆಯ ಹೊರಮೈಗೆ ಒತ್ತಿದಳು. ಎಳ್ಳು, ಕೊಬ್ಬರಿಗಳ ಎಣ್ಣೆ ಕಾಗದಕ್ಕೆ ಇಳಿದು ಕಲೆಯಾಗುವುದರಿಂದ ಒಳಗೆ ಬೆಣ್ಣೆಕಾಗದವನ್ನು ಹಾಸಿದಳು. ಮೂರನೆಯ ಪೆಟ್ಟಿಗೆ ಹೀಗೆ ಸಿದ್ಧವಾಯಿತು.

ಇನ್ನು ಉಳಿದದ್ದು ಕಾರ್ಡಿನ ಒಳಪುಟ. ಅಚ್ಚಿನ ಕಾರ್ಡಿನಲ್ಲಿ ಮಾತು ಮೊದಲೇ ಸಿದ್ಧವಾಗಿರುತ್ತದೆ. ಕೆಳಗೆ ಹೆಸರು ಬರೆದರೆ ಮುಗಿಯಿತು. ಕೈಯಾರೆ ಮಾಡಿದ ಕಾರ್ಡಿನ ಒಳಗೆ ಬಿಳಿಯ ಬಯಲು. ಅಳತೆಪಟ್ಟಿ, ಕತ್ತರಿ, ಅಂಟುಗಳಿಗೆ ಬಗ್ಗಿದ್ದ ಕೈ ಆ ಬಯಲಿನ ಮುಂದೆ ಎರಡು ದಿನ ನಡುಗಿತು. 'ಹಬ್ಬದ ಶುಭಾಶಯಗಳು' ಎಂದು ಬರೆದು ನಿಲ್ಲಿಸಬಹುದಾಗಿತ್ತು. ಆದರೆ ಮೂರು ಪೆಟ್ಟಿಗೆ ಮಾಡುವಷ್ಟು ಹೊತ್ತು ಒಬ್ಬರನ್ನೇ ನೆನೆದ ಮೇಲೆ ಸುಳ್ಳು ಬರೆಯುವುದು ಸುಲಭವಲ್ಲ. ಕಡೆಗೆ ಅವಳು ಎರಡೇ ಸಾಲು ಬರೆದಳು: "ಕಂಪಾಸು ಪೆಟ್ಟಿಗೆ ನಮ್ಮ ಮನೆಯಲ್ಲೇ ಸಿಕ್ಕಿತು. ತಪ್ಪು ನನ್ನದು; ತರಗತಿಯಲ್ಲೂ ಹೇಳಿದ್ದೇನೆ." ಎರಡನೆಯ ಸಾಲು ನಿಜವಾಗಲೆಂದು ಮರುದಿನ ತರಗತಿಯಲ್ಲಿ ಎದ್ದು ನಿಂತು ಹೇಳಿದಳು, ಆಮೇಲೆ ಕಾರ್ಡನ್ನು ಮುಚ್ಚಿದಳು.

ಪೆಟ್ಟಿಗೆಗೆ ಬಿಳಿಯ ಬಟ್ಟೆ ಸುತ್ತಿ ಹೊಲಿದು, ಅರಗಿನ ಮುದ್ರೆಯೊತ್ತಿ ಅಂಚೆಗೆ ಹಾಕಿದಾಗ ಹಬ್ಬಕ್ಕೆ ಒಂದೇ ದಿನ ಉಳಿದಿತ್ತು. ಸಂಕ್ರಾಂತಿ ಕಳೆಯಿತು. ಉತ್ತರ ಬರಲಿಲ್ಲ. ಮಾಘ ಕಳೆಯಿತು, ಫಾಲ್ಗುಣವೂ ಮುಗಿಯತೊಡಗಿತು. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದಾಗ ಬಾಗಿಲಿಗೆ ಓಡುವುದನ್ನು ಹುಡುಗಿ ಬಿಟ್ಟಳು. ಅಜ್ಜ ಏನನ್ನೂ ಕೇಳಲಿಲ್ಲ.

ಯುಗಾದಿಯ ಹಿಂದಿನ ದಿನ ಬಟ್ಟೆಯಲ್ಲಿ ಹೊಲಿದ ಕಟ್ಟೊಂದು ಬಂದಿತು. ಒಳಗಿದ್ದದ್ದು ಅದೇ ಪೆಟ್ಟಿಗೆ, ಅದೇ ನೀಲಿ ಬೆಂಡೆಯ ಹೂಗಳು. ದಾರಿಯಲ್ಲಿ ಒಂದು ಮೂಲೆ ಜಜ್ಜಿಹೋಗಿದ್ದಿರಬೇಕು; ಅಲ್ಲಿಗೆ ಬೇರೊಂದು ಬಣ್ಣದ ಕಾಗದದ ಪಟ್ಟಿಯನ್ನು ಯಾರೋ ಬಹು ಜಾಗರೂಕತೆಯಿಂದ ಅಂಟಿಸಿದ್ದರು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಕನ್ನಡದ ಮನೆಗಳ ಹಳೆಯ ನಡವಳಿಕೆ. ಪೆಟ್ಟಿಗೆಯೊಳಗೆ ಒಣಗಿದ ಬೇವಿನ ಹೂವಿತ್ತು, ಒಂದು ಅಚ್ಚು ಬೆಲ್ಲವಿತ್ತು. ಅವುಗಳ ಮೇಲೆ, ಬಿಳಿಯ ಕಾಗದದ ಮಡಿಕೆಯೊಳಗೆ, ಎರಡನೆಯ ಅರಳಿ ಎಲೆಯಿತ್ತು. ಬರಹ ಒಂದಕ್ಷರವೂ ಇರಲಿಲ್ಲ. ಕಹಿಯಾಗಿತ್ತು ಎಂಬುದನ್ನು ಬೇವು ಹೇಳಿತ್ತು. ಉಳಿದುದನ್ನು ಬೆಲ್ಲ ಹೇಳಿತ್ತು.

ಇಂದು ಶುಭಾಶಯವು ದೂರವಾಣಿಯ ಪರದೆಯ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಊರಾಚೆಗೆ, ಕಡಲಾಚೆಗೆ ಹೋಗಿ ಮುಟ್ಟುತ್ತದೆ. ಅದನ್ನು ಹಳಿಯಬೇಕಾಗಿಲ್ಲ, ಕೋಲನಿಗೆ ಬೇಕಾಗಿದ್ದ ಬಿಡುವು ಅದರಿಂದ ಎಲ್ಲರಿಗೂ ದೊರೆತಿದೆ. ದೊರೆತ ಆ ಬಿಡುವಿನಲ್ಲಿ ವರ್ಷಕ್ಕೊಮ್ಮೆಯಾದರೂ, ಒಬ್ಬರಿಗಾಗಿಯಾದರೂ, ಒಂದು ಹಾಳೆಯನ್ನು ಅಳೆದು ಮಡಿಸುವ ಕೈಗಳು ಇರಬೇಕು. ಕಾಗದ ಹರಿಯುತ್ತದೆ, ಬಣ್ಣ ಮಾಸುತ್ತದೆ, ರಟ್ಟಿಗೆ ಹುಳು ಹಿಡಿಯುತ್ತದೆ. ಆದರೆ ಮನಸ್ಸಿಟ್ಟು ಮಾಡಿದ ಪೆಟ್ಟಿಗೆ ಎಂದೂ ಬರಿದಾಗಿ ಹಿಂದಿರುಗುವುದಿಲ್ಲ.